ಹೊಲಿಗೆಯಕ್ಕ ನುಂಗಿದ ಮಾತು

ಐದು ಅಂತಸ್ತಿನ ಆ ಹಳೆಯ ಕಟ್ಟಡದಲ್ಲಿ ಮೆಟ್ಟಿಲ ಕೆಳಗಿನ ಜಾಗ ಹೊಲಿಗೆಯಕ್ಕನದು. ಒಂದು ಮೆಷಿನ್, ಒಂದು ಸ್ಟೂಲು, ತಲೆಯ ಮೇಲೊಂದು ಬಲ್ಬು. ಮರೆತು ನೆಟ್ಟಗೆ ಎದ್ದು ನಿಂತರೆ ಮೆಟ್ಟಿಲು ತಲೆಗೆ ಬಡಿಯುತ್ತಿತ್ತು. ಹೊಸ ಬಟ್ಟೆ ಹೊಲಿಯುವವಳಲ್ಲ ಅವಳು. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು, ಕೋಟಿನ ಅಸ್ತರು ಬದಲಿಸುವುದು, ಕಿತ್ತುಹೋದ ಜಿಪ್ ಹಾಕಿಕೊಡುವುದು. ಇಪ್ಪತ್ತಾರು ವರ್ಷ ಅದೇ ಸ್ಟೂಲಿನ ಮೇಲೆ ಕೂತು, ಕಟ್ಟಡದಲ್ಲಿ ಯಾರು ಮೈ ತುಂಬಿಕೊಂಡರು, ಯಾರು ಸೊರಗಿದರು ಎನ್ನುವುದನ್ನು ಅವರ ಮನೆಯವರಿಗಿಂತ ಮೊದಲೇ ತಿಳಿದುಕೊಂಡವಳು.

ಅಲ್ಲಿ ಹದಿನೆಂಟು ಮನೆ, ಏಳು ಭಾಷೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡುವವಳಿಗೆ ಮಾತಾಡಲಾಗುವುದಿಲ್ಲ, ಕಿವಿ ಮಾತ್ರ ಬಿಡುವಾಗಿರುತ್ತದೆ. ಹಾಗೆ ಕೇಳಿ ಕೇಳಿಯೇ ಅವಳಿಗೆ ಏಳೂ ಅರ್ಥವಾಗತೊಡಗಿದವು, ಐದನ್ನು ಆಡಲೂ ಬಂತು. ಆಮೇಲೆ ಶಾಲೆಯಲ್ಲಿ ಮಗುವನ್ನು ಸೇರಿಸಬೇಕಾದರೆ, ಆಸ್ಪತ್ರೆಗೆ ಹೋಗಬೇಕಾದರೆ, ಕಚೇರಿಯಿಂದ ಕಾಗದ ಬಂದರೆ ಎಲ್ಲರೂ ಮೆಟ್ಟಿಲ ಕೆಳಗೆ ಬಗ್ಗಿ "ಅಕ್ಕಾ, ಸ್ವಲ್ಪ ಬರ್ತೀಯಾ?" ಎನ್ನುವರು. ಅವಳು ಮೆಷಿನ್‌ಗೆ ಬಟ್ಟೆ ಮುಚ್ಚಿ ಹೊರಡುವಳು. ಕಿವಿ ಕೊಟ್ಟ ದೇವರು ಅದಕ್ಕೆ ಕೆಲಸವನ್ನೂ ಕೊಟ್ಟ ಎಂದುಕೊಳ್ಳುತ್ತಿದ್ದಳು.

ಮೂರನೇ ಅಂತಸ್ತಿನ ಗಡಿಯಾರದಜ್ಜನಿಗಂತೂ ಅವಳಿಲ್ಲದೆ ನಡೆಯುತ್ತಲೇ ಇರಲಿಲ್ಲ. ಮನೆಯಲ್ಲೇ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದ ಆತ ಮೂವತ್ತು ವರ್ಷ ಆ ಊರಲ್ಲಿದ್ದರೂ ಊರಿನ ಭಾಷೆಯಲ್ಲಿ ಕಲಿತದ್ದು "ನಾಳೆ ಬಾ" ಎನ್ನುವ ಎರಡೇ ಪದ.

"ಕಲಿ ಅಜ್ಜ, ನಾನೇನು ಶಾಶ್ವತಾನಾ?" ಎಂದು ಅವಳು ರೇಗಿಸುತ್ತಿದ್ದಳು.

"ನೀನಿರೋವಾಗ ನಾನ್ಯಾಕೆ ನಾಲಿಗೆ ಸವೆಸ್ಲಿ?" ಎಂದು ಆತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುತ್ತಿದ್ದ.

ಒಂದು ದಿನ ಬೆಳಗ್ಗೆ ನಗರಸಭೆಯಿಂದ ಒಬ್ಬ ಹುಡುಗಿ ಬಂದಳು. ಊರಿನಲ್ಲಿ ಬದುಕಲು ಹಿತವಾದ ಬೀದಿಗಳು ಯಾವುವು ಎಂದು ಮನೆ ಮನೆ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಕೈಯಲ್ಲಿದ್ದ ಫಾರಂನಲ್ಲಿ ಎರಡು ಕಾಲಂ. ಇಲ್ಲಿ ನಿಮಗೆ ಏನು ಇಷ್ಟ, ಏನು ತೊಂದರೆ.

ಎರಡನೆಯದನ್ನು ಕಂಡದ್ದೇ ಹೊಲಿಗೆಯಕ್ಕನ ಎದೆ ಹಾರಿತು. ಈ ಕಟ್ಟಡಕ್ಕೆ ಬರುವ ಮೊದಲು ಅವಳು ಇದೇ ಊರಿನ ಬೇರೆ ಓಣಿಯಲ್ಲಿದ್ದಳು. ಅಲ್ಲೊಬ್ಬಳು ಗೋಡೆ ಬಿರುಕು ಬಿಟ್ಟಿದೆ ಎಂದು ಹೀಗೇ ಬಂದವರ ಮುಂದೆ ಹೇಳಿಕೊಂಡಳು. ಮಾರನೆಯ ದಿನ ಎಂಜಿನಿಯರ್ ಬಂದು ನೋಡಿ, ವಾಸಕ್ಕೆ ಯೋಗ್ಯವಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿ ಹೋದ. ಸಂಜೆಯೊಳಗೆ ಎಲ್ಲರೂ ಬೀದಿಪಾಲು. ನಲವತ್ತು ದಿನ ಶಾಲೆಯ ಹಾಲ್‌ನಲ್ಲಿ ಮೆಷಿನ್ ಪಕ್ಕ ಮಲಗಿದ್ದವಳು ಅವಳು. ಕಾಗದ ಹಿಡಿದು ಬಂದವರ ಮುಂದೆ ಕಷ್ಟ ಹೇಳಬಾರದು ಎನ್ನುವುದು ಆಗಲೇ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹುಡುಗಿ ನೀರು ಕುಡಿಯುವಷ್ಟರಲ್ಲಿ, ಊರಿನ ಭಾಷೆ ಬಲ್ಲ ನಾಲ್ಕು ಮನೆಗೆ ಓಡಿ, "ಒಳ್ಳೇದಷ್ಟೇ ಹೇಳಿ" ಎಂದು ಕಿವಿಗೆ ಹಾಕಿ ಬಂದಳು. ಉಳಿದವರ ಮಾತು ಹೇಗೂ ಅವಳ ಬಾಯಿಂದಲೇ ಬರಬೇಕಿತ್ತು.

ಎರಡನೇ ಅಂತಸ್ತಿನಲ್ಲಿ ಬೇಕರಿಯವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಮೇಲಿನ ಬಚ್ಚಲ ಪೈಪು ನನ್ನ ಒಲೆ ಮೇಲೆ ಸೋರುತ್ತೆ. ಓನರ್‌ಗೆ ಹೇಳಿದ್ರೆ ಛತ್ರಿ ಹಿಡ್ಕೊಂಡು ಅಡುಗೆ ಮಾಡು ಅಂತಾನೆ. ಬರ್ಕೊಳ್ಳೋಕೆ ಹೇಳು!"

"ಇಲ್ಲಿ ಒಂಟಿ ಹೆಂಗಸು ಕೂಡ ಧೈರ್ಯವಾಗಿ ಇರಬಹುದಂತೆ" ಎಂದಳು ಹೊಲಿಗೆಯಕ್ಕ.

ಮೂರನೆಯದರಲ್ಲಿ ಅಜ್ಜ ಹುಡುಗಿಯನ್ನು ಗೋಡೆಯವರೆಗೂ ಕರೆದುಕೊಂಡು ಹೋದ. "ಕೈ ಇಟ್ಟು ನೋಡು ಅಂತ ಹೇಳು ಮಗಳೇ. ಒದ್ದೆ! ಕೆಮ್ಮಿ ಕೆಮ್ಮಿ ಪಕ್ಕೆ ಹಿಡ್ಕೊಂಡಿದೆ. ಮೆಟ್ಟಿಲೂ ಅಲ್ಲಾಡ್ತಿದೆ, ಒಂದಿನ ಯಾರನ್ನಾದ್ರೂ ಒಂದೇ ಸಲಕ್ಕೆ ಕೆಳಗೆ ಇಳಿಸುತ್ತೆ."

"ಅಕ್ಕಪಕ್ಕದವರು ಒಳ್ಳೆಯವರು, ಕರೆದ್ರೆ ಓಡಿ ಬರ್ತಾರೆ ಅಂತಿದಾರೆ."

"ಅಷ್ಟು ಹೊತ್ತು ಮಾತಾಡಿದ್ದು ಇಷ್ಟೇನಾ?" ಹುಡುಗಿಗೆ ಅನುಮಾನ. "ಗೋಡೆ ಯಾಕೆ ತೋರಿಸಿದ್ರು?"

"ಅಲ್ಲಿ ಅವರ ಹೆಂಡತಿ ಫೋಟೋ ಇದೆಯಲ್ಲಮ್ಮ. ತೀರಿಕೊಂಡು ಆರು ವರ್ಷ ಆಯ್ತು. ವಯಸ್ಸಾದವರು, ಹೇಳಿದ್ದನ್ನೇ ಹೇಳ್ತಾರೆ."

ಹುಡುಗಿ ಬರೆದುಕೊಂಡಳು. ಕೊನೆಗೆ ಮೆಟ್ಟಿಲ ಕೆಳಗೆ ಬಂದು, "ನಿಮಗೆ?" ಎಂದಳು.

ಹೊಲಿಗೆಯಕ್ಕ ಇಲ್ಲಿ ಮಾತ್ರ ಏನನ್ನೂ ತಿರುಚಲಿಲ್ಲ. "ನಾನು ಈ ಊರಿಗೆ ಬಂದಾಗ ಕೈಯಲ್ಲೊಂದು ಚೀಲ, ಮುಖದ ಮೇಲೆ ಗಂಡ ಹೊಡೆದ ಬಾಸುಂಡೆ. ನಮ್ಮ ಕಡೆಯಾಗಿದ್ರೆ ಯಾರ ಮಗಳು, ಯಾಕೆ ಬಿಟ್ಟುಬಂದೆ ಅಂತ ಕೇಳಿ ಕೇಳಿ ಸಾಯಿಸ್ತಿದ್ರು. ಇಲ್ಲಿ 'ಹೊಲಿಯೋಕೆ ಬರುತ್ತಾ' ಅಂತ ಕೇಳಿದ್ರು, ಅಷ್ಟೇ. ಎಲ್ಲರೂ ಎಲ್ಲಿಂದಲೋ ಬಂದವರೇ ನೋಡು, ಯಾರಿಗೂ ಇನ್ನೊಬ್ಬರನ್ನ ಹೊರಗಿನವರು ಅನ್ನೋಕೆ ಬಾಯಿಲ್ಲ."

ಹುಡುಗಿ ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡಳು. ಆರು ತಿಂಗಳಿಗೆ ಅದು ಪತ್ರಿಕೆಯಲ್ಲಿ ಬಂತು. ಊರಿನ ಹಿತವಾದ ಬೀದಿಗಳಲ್ಲಿ ಅವರದೇ ಮೊದಲನೆಯದು. ಅದರ ಬೆನ್ನಿಗೇ ಕ್ಯಾಮೆರಾ ಹಿಡಿದವರು ಬಂದರು, ಆಮೇಲೆ ಅಳತೆ ಟೇಪು ಹಿಡಿದವರು ಬಂದರು. ಅಂಥ ಬೀದಿಯಲ್ಲಿ ಮನೆ ಬೇಕು ಎನ್ನುವವರು ಹೆಚ್ಚಿದಂತೆ ಓನರ್ ಕಟ್ಟಡವನ್ನು ಮಾರಿಯೇಬಿಟ್ಟ. ಹೊಸಬರು ಅದನ್ನು ಕೆಡವಿ ಎತ್ತರದ್ದು ಕಟ್ಟುತ್ತಾರಂತೆ. ಮೂರು ತಿಂಗಳಲ್ಲಿ ಖಾಲಿ ಮಾಡಿ ಎಂದು ಎಲ್ಲರ ಬಾಗಿಲಿಗೂ ನೋಟಿಸ್ ಬಿತ್ತು.

ತಕರಾರು ಕೇಳುವ ಕಚೇರಿಗೆ ಅಜ್ಜ, ಬೇಕರಿಯವಳು, ಹೊಲಿಗೆಯಕ್ಕ ಮೂವರೇ ಹೋದರು. ಉಳಿದವರು ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ. ಅಧಿಕಾರಿ ಕೆಟ್ಟವನಲ್ಲ, ಫೈಲನ್ನು ಎರಡು ಸಲ ತಿರುವಿ ನೋಡಿದ.

"ಒಂದು ದಾರಿ ಇತ್ತಮ್ಮ. ಕಟ್ಟಡ ಮಾರೋಕೆ ಮುಂಚೆ ಗೋಡೆ, ಪೈಪು ಅಂತ ಬಾಡಿಗೆಯವರು ಹೇಳಿದ್ದು ನಮ್ಮಲ್ಲಿ ಎಲ್ಲಾದ್ರೂ ದಾಖಲಾಗಿದ್ರೆ, ಕೊಂಡವರು ರಿಪೇರಿ ಮಾಡಿ ನಿಮ್ಮನ್ನೇ ಇಟ್ಕೋಬೇಕು. ನಗರಸಭೆ ಫಾರಂ ನೋಡಿದೆ. ಹದಿನೆಂಟು ಮನೆ, ತೊಂದರೆ ಕಾಲಂ ಹದಿನೆಂಟೂ ಖಾಲಿ. ಒಬ್ಬರಾದ್ರೂ ತೊಂದರೆ ಅಂದಿಲ್ಲ."

ಅವಳು ಅದನ್ನು ಇಬ್ಬರಿಗೂ ಹೇಳಿದಳು. ಅಜ್ಜ ದಡಬಡಿಸಿ ಎದ್ದು ನಿಂತ. "ನಾನು ಹೇಳಿದ್ದೆ! ಗೋಡೆ ಮುಟ್ಟಿಸಿ ಹೇಳಿದ್ದೆ! ನೀನೂ ಇದ್ಯಲ್ಲ ಮಗಳೇ, ಸಾಹೇಬರಿಗೆ ಹೇಳು."

ಇದನ್ನೂ ನುಂಗಬಹುದಿತ್ತು. ಆ ಕೋಣೆಯಲ್ಲಿ ಎರಡೂ ಕಡೆಯ ಮಾತು ಬಲ್ಲವಳು ಅವಳೊಬ್ಬಳೇ. ದೇವರೇ ಎಂದು ಒಳಗೇ ಕರೆದಳು, ಮುಂದೆ ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ.

"ಅವರು ಹೇಳಿದ್ರು ಸಾರ್. ಇವಳೂ ಹೇಳಿದ್ಲು. ನಾನು ಬೇರೆ ಏನೋ ಹೇಳ್ದೆ." ಆಮೇಲೆ ತಿರುಗಿ, ಅದನ್ನೇ ಅವರವರ ಭಾಷೆಯಲ್ಲಿ ಇಬ್ಬರಿಗೂ ಹೇಳಿದಳು.

ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಈಗ ಇದನ್ನ ಎಲ್ಲಿ ಬರೀಲಿ? ನೋಟಿಸ್ ಬಂದ ಮೇಲೆ ಎಲ್ಲರೂ ಹೀಗೇ ಅಂತಾರೆ ಅಂತ ಕೊಂಡವರ ವಕೀಲ ನಗ್ತಾನೆ." ಮುಂದಿನ ಟೋಕನ್ ಕರೆದರು.

ಬೇಕರಿಯವಳು ಹೊರಗೆ ಬಂದವಳೇ ಸಿಡಿದಳು. "ನನ್ನ ಬಾಯಿಗೆ ಹೊಲಿಗೆ ಹಾಕು ಅಂತ ಯಾರು ಹೇಳಿದ್ರು ನಿಂಗೆ? ಪ್ಯಾಂಟು ಕೊಟ್ರೆ ಪ್ಯಾಂಟು ಕತ್ತರಿಸು, ನನ್ನ ಮಾತನ್ನ ಯಾಕೆ ಕತ್ತರಿಸ್ತೀಯ?"

"ಮನೆ ಉಳೀಲಿ ಅಂತ..."

"ಉಳೀತಾ?" ಎಂದು ಕೇಳಿ ಅವಳು ಬಸ್ ಹತ್ತಿದಳು.

ಅಜ್ಜ ಬಸ್ ಹತ್ತಲಿಲ್ಲ. ಇಬ್ಬರೂ ನಡೆದೇ ಬಂದರು. ತಮ್ಮ ಬೀದಿಯ ತಿರುವಿನಲ್ಲಿ ಆತ ನಿಂತ.

"ಆಸ್ಪತ್ರೇಲಿ ನನ್ನ ಹೆಂಡತಿ ಮಲಗಿದ್ದಾಗ ಡಾಕ್ಟರ ಮಾತು ನೀನೇ ಹೇಳ್ತಿದ್ದದ್ದು. ದಿನ ಹಿಡಿಯುತ್ತೆ, ಆದ್ರೆ ಎದ್ದು ಬರ್ತಾರೆ ಅಂದೆ. ನಾನು ನಿಶ್ಚಿಂತೆಯಾಗಿ ದಿನಾ ಅಂಗಡಿಗಳಿಗೆ ಗಡಿಯಾರ ಕೊಟ್ಟು ಬರೋಕೆ ಹೋಗ್ತಿದ್ದೆ." ಆತ ಅವಳ ಕಡೆ ತಿರುಗಿದ. "ಡಾಕ್ಟರು ಹೇಳಿದ್ದು ಅದೇನಾ?"

ಡಾಕ್ಟರು ಹೇಳಿದ್ದು ಹೆಚ್ಚೆಂದರೆ ಒಂದು ವಾರ ಎಂದು. ಅಷ್ಟು ದಿನವಾದರೂ ಅಜ್ಜ ಅಳದೆ ಇರಲಿ ಎಂದು ಅವಳು ಮಾತು ಬದಲಿಸಿದ್ದಳು. ಐದನೇ ದಿನ ಅಜ್ಜಿ ಹೋದಾಗ ಪಕ್ಕದಲ್ಲಿ ಇದ್ದದ್ದೂ ಅವಳೇ.

"ಅಲ್ಲ ಅಜ್ಜ" ಎಂದಳು.

ಆತ ತಲೆಯಾಡಿಸಿದ. ಅಲ್ಲಾಡುವ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ತಾನೊಬ್ಬನೇ ಹತ್ತಿದ.

ಉಳಿದ ದಿನಗಳಲ್ಲಿ ಯಾರೂ ಅವಳ ಮೆಟ್ಟಿಲ ಕೆಳಗೆ ಬಗ್ಗಲಿಲ್ಲ. ಕಾಗದ ಬಂದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಂಡರು. ಒಂದೊಂದೇ ಮನೆ ಖಾಲಿಯಾಯಿತು. ಹೋದವರು ಒಂದೇ ದಿಕ್ಕಿಗೆ ಹೋಗಲಿಲ್ಲ, ಊರಿನ ಅಂಚಿನಲ್ಲಿ ಎಲ್ಲಿ ಬಾಡಿಗೆ ಸಿಕ್ಕಿತೋ ಅಲ್ಲಿಗೆ ಹೋದರು. ಅವಳಿಗೆ ಒಂದು ಕೋಣೆ ಸಿಕ್ಕಿತ್ತು, ಮೆಷಿನ್ ಇಡಲು ಮಾತ್ರ ಅಲ್ಲಿ ಒಪ್ಪಿರಲಿಲ್ಲ.

ಅಜ್ಜ ಹೋಗುವ ದಿನ ಒಂದು ಸಣ್ಣ ವ್ಯಾನು ಬಂತು. ಡ್ರೈವರ್ "ಎಲ್ಲಿಗೆ?" ಎಂದು ಊರಿನ ಭಾಷೆಯಲ್ಲಿ ಕೇಳಿದ. ಅಜ್ಜ ತನ್ನ ಭಾಷೆಯಲ್ಲಿ ಹೇಳಿದ. ಡ್ರೈವರ್ ಮತ್ತೆ ಕೇಳಿದ, ಅಜ್ಜ ಇನ್ನೂ ಜೋರಾಗಿ ಹೇಳಿದ. ನಾಲ್ಕು ಹೆಜ್ಜೆ ಆಚೆ ಹೊಲಿಗೆಯಕ್ಕ ನಿಂತಿದ್ದಳು. ಅವಳಿಗೆ ಇಬ್ಬರ ಮಾತೂ ತಿಳಿದಿತ್ತು. ಅಜ್ಜ ಅವಳ ಕಡೆ ನೋಡಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಹೊಸ ಮನೆಯ ಬೀದಿ ನಂಬರನ್ನು ಅಂಗೈ ಮೇಲೆ ಬರೆದು, ಆ ಕೈಯನ್ನು ಡ್ರೈವರನ ಮುಖದ ಮುಂದೆ ಹಿಡಿದ.