ನಾಲ್ಕನೇ ನಂಬರಿನ ಹಲ್ಲು

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಓದುವವರು ಕ್ಷಮಿಸಬೇಕು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳಿಗೆ ದೊಡ್ಡ ಮಾತುಗಳೂ ಬರುವುದಿಲ್ಲ. ಅತ್ತೆ ಹೇಳಿದ್ದನ್ನು ಎರಡೆರಡು ಸಲ ಕೇಳಿಕೊಂಡು ಬರೆದಿದ್ದೇನೆ.

ಅತ್ತೆಯನ್ನು ಪ್ರಯೋಗಾಲಯದಲ್ಲಿ ಎಲ್ಲರೂ ಪುಡಿಯಕ್ಕ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ ಗಾಜಿನ ಸೀಸೆ ತೊಳೆಯಲು ಸೇರಿದವರು, ಈಗ ನೆಲದಡಿ ಸಾವಿರಾರು ವರ್ಷ ಹೂತಿದ್ದ ಹಲ್ಲುಗಳಿಂದ ಪುಡಿ ತೆಗೆಯುತ್ತಾರೆ.

"ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ಇವಳು ಸತ್ತ ಹಸುವಿಂದೂ ಬಿಡಲ್ಲ" ಎಂದು ಅಪ್ಪ ಛೇಡಿಸುತ್ತಾರೆ.

"ನಿನ್ನ ಬಾಯಲ್ಲಿ ಎಣಿಸೋಕೆ ಏನಾದ್ರೂ ಉಳಿದಿದ್ರೆ ತಾನೆ, ಅಣ್ಣಾ" ಎಂದು ಅತ್ತೆ ತಿರುಗೇಟು ಕೊಡುತ್ತಾರೆ.

ಕೆಲಸಕ್ಕೆ ಕೂರುವ ಮೊದಲು ಅತ್ತೆ ಕಿಟಕಿ ಮುಚ್ಚಿ ಫ್ಯಾನ್ ಆರಿಸುತ್ತಾರೆ. ಹಲ್ಲಿನ ಕೆಳಗೆ ನುಣುಪು ಕಾಗದ ಹಾಸಿ, ಸೂಜಿಯಂಥ ಡ್ರಿಲ್ಲಿನಿಂದ ಹೊರಗಿನ ಹೊಳಪು ಪದರದ ಮೇಲೆ ಅಡ್ಡಗೆರೆ ಕೊರೆಯುತ್ತಾರೆ. ಮೊದಲ ಗೆರೆ ಜಗಿಯುವ ತುದಿಯ ಹತ್ತಿರ, ಆಮೇಲಿನವು ಒಂದೊಂದಾಗಿ ಬೇರಿನ ಕಡೆಗೆ. ಹಲ್ಲು ಬೆಳೆಯುವುದೂ ಅದೇ ಕ್ರಮದಲ್ಲಿ. ಒಂದು ಗೆರೆಗೆ ಸಿಗುವುದು ಚಿಟಿಕೆಗಿಂತ ಕಡಿಮೆ ಪುಡಿ, ಅದಕ್ಕೊಂದು ಪುಟ್ಟ ಸೀಸೆ. ಗೆರೆ ಮುಗಿಯುವ ತನಕ ಉಸಿರು ಬಿಡುವ ಹಾಗಿಲ್ಲ. ಒಮ್ಮೆ ವಿದ್ಯಾರ್ಥಿಯೊಬ್ಬ ಬಾಗಿಲಲ್ಲಿ ನಿಂತು ಸೀನಿದನಂತೆ. "ಹೋಯ್ತಪ್ಪಾ, ಒಂದು ಇಡೀ ಮಳೆಗಾಲ ನಿನ್ನ ಮೂಗಿಂದ ಹಾರಿಹೋಯ್ತು" ಎಂದರಂತೆ ಅತ್ತೆ.

ಆ ಮಾತಿನಲ್ಲಿ ಸುಳ್ಳಿಲ್ಲ. ನೀರಿನಲ್ಲಿರುವ ಆಕ್ಸಿಜನ್ನಿನಲ್ಲಿ ಹಗುರದ್ದೂ ಇದೆ, ಭಾರದ್ದೂ ಇದೆ. ಬಿಸಿಲು ಏರಿದಾಗ ಹಗುರದ್ದು ಹೆಚ್ಚಾಗಿ ಆವಿಯಾಗುತ್ತದೆ, ಉಳಿದ ನೀರಿನಲ್ಲಿ ಭಾರದ್ದರ ಪಾಲು ಹೆಚ್ಚುತ್ತದೆ. ಆ ನೀರು ಕುಡಿದ ಪ್ರಾಣಿಯ ಹಲ್ಲಿನಲ್ಲಿ ಅದರ ಗುರುತು ಉಳಿಯುತ್ತದೆ. ಪುಡಿಯನ್ನು ಯಂತ್ರಕ್ಕೆ ಕೊಟ್ಟರೆ ಅಂದಿನ ಬಿಸಿಲು ಚಳಿ ಗೊತ್ತಾಗುತ್ತದೆ.

ಹೋದ ತಿಂಗಳು ಒಂದೇ ಮಣ್ಣಿನ ಪದರದಲ್ಲಿ ಸಿಕ್ಕ ಕಾಡುಹಸುಗಳ ಬಿಡಿಹಲ್ಲುಗಳು ಬಂದವು. ಅವುಗಳಲ್ಲಿ ದವಡೆಯ ಕೊನೆಯ ಹಲ್ಲುಗಳನ್ನಷ್ಟೇ ಆರಿಸುವುದು ಅತ್ತೆಯ ಹೊಣೆ. ಕರು ಹಾಲು ಬಿಟ್ಟು ನೀರು ಕುಡಿಯತೊಡಗಿದ ಮೇಲೆ ಬೆಳೆಯುವ ಹಲ್ಲು ಅದು. ಮೊದಲ ದವಡೆಹಲ್ಲು ಬೆಳೆಯುವಾಗ ಕರುವಿಗೆ ತಾಯಿಯೇ ಎಲ್ಲ. ತಾಯಿಯ ಮೈಯಿಂದ ಹಗುರದ್ದು ಉಸಿರಿನಲ್ಲಿ ಹೋಗಿರುವುದರಿಂದ ಹಾಲಿನಲ್ಲಿ ಭಾರದ್ದು ಹೆಚ್ಚು. ಅಂಥ ಹಲ್ಲು ಚಳಿಯಲ್ಲೂ ಬೇಸಿಗೆ ಎಂದುಬಿಡುತ್ತದೆ.

ಅತ್ತೆ ಒಂಬತ್ತು ಹಲ್ಲು ಆರಿಸಿ ಕೊರೆದರು. ಎಂಟು ಹಲ್ಲುಗಳು ಚಳಿ ಎಂದವು, ನಾಲ್ಕನೇ ನಂಬರಿನದು ಮಾತ್ರ ಬಿಸಿಲು ಎಂದಿತು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ, ಅತ್ತೆಗಿಂತ ಹನ್ನೆರಡು ವರ್ಷ ಚಿಕ್ಕವರು, ಅದನ್ನು ನೋಡಿ ಕುಣಿದರು. ಚಳಿ ವರ್ಷಗಳ ನಡುವೆ ಬಿಸಿ ವರ್ಷಗಳೂ ಬಂದು ಹೋಗಿದ್ದವೆಂದು ಶುಕ್ರವಾರದ ಸಭೆಯಲ್ಲಿ ಹೇಳಲು ನಕ್ಷೆ ಸಿದ್ಧಮಾಡಿಸಿದರು.

"ಅಕ್ಕಾ, ನಮ್ಮ ಪುಡಿಯಕ್ಕನ ಕೈ ತಪ್ಪಲ್ಲ ಅಂತ ಸಭೆಯಲ್ಲೇ ಹೇಳ್ತೀನಿ."

ಆ ಹೊಗಳಿಕೆಯೇ ಅತ್ತೆಗೆ ಮುಳ್ಳಾಯಿತು. ಬುಧವಾರ ಊಟಕ್ಕೂ ಏಳದೆ ನಾಲ್ಕನೇ ಹಲ್ಲನ್ನು ಮತ್ತೆ ಲೆನ್ಸಿನಡಿ ಇಟ್ಟರು. ಕೊನೆಯ ಹಲ್ಲಿಗೆ ಹಿಂಬದಿಯಲ್ಲಿ ಗಿಡ್ಡ ಬಾಲದಂಥ ಭಾಗ ಇರುತ್ತದೆ. ಇದಕ್ಕೆ ಅಲ್ಲಿ ಚಕ್ಕೆ ಎದ್ದಿದ್ದರಿಂದ ಬಾಲ ಮುರಿದಿದೆ ಎಂದುಕೊಂಡಿದ್ದರು. ಈಗ ನೋಡಿದರೆ ಚಕ್ಕೆಯ ಮೇಲ್ಗಡೆ ಅಕ್ಕಿಕಾಳಿನಷ್ಟು ಜಾಗ ನುಣ್ಣಗೆ ಸವೆದಿತ್ತು. ಹಿಂದಿನ ಹಲ್ಲು ತಿಕ್ಕಿದ ಗುರುತು! ಕೊನೆಯ ಹಲ್ಲಿನ ಹಿಂದೆ ಇನ್ನೊಂದು ಹಲ್ಲು ಎಲ್ಲಿಂದ ಬರಬೇಕು? ಗಾತ್ರವೂ ಸಣ್ಣದು, ಮೊದಲ ದವಡೆಹಲ್ಲಿನದೇ.

ಬೇರೆ ಯಾರೂ ಇದನ್ನು ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಇಪ್ಪತ್ತೆರಡು ವರ್ಷದ ಹೆಸರು ಉಳಿಯುತ್ತಿತ್ತು, ಇಲ್ಲದ ಬೇಸಿಗೆಯೊಂದು ಪುಸ್ತಕ ಸೇರುತ್ತಿತ್ತು. ಅತ್ತೆ ಹಲ್ಲಿನ ತಟ್ಟೆಯನ್ನೂ ಲೆನ್ಸನ್ನೂ ಎತ್ತಿಕೊಂಡು ನೇರವಾಗಿ ಮೇಡಂ ಕೋಣೆಗೆ ನಡೆದರು.

"ಮೇಡಂ, ನಾಲ್ಕನೇದು ಕೊನೆ ಹಲ್ಲಲ್ಲ, ಮೊದಲನೇದು. ಆರಿಸಿದ್ದು ನಾನು, ತಪ್ಪು ನಂದು."

"ಏನಕ್ಕಾ ಇದು! ನಾಡಿದ್ದು ಸಭೆ. ಬಿಸಿಲು ಸಿಕ್ತು ಅಂತ ಎಲ್ಲರ ಮುಂದೆ ಕುಣಿದುಬಿಟ್ಟೆನಲ್ಲ!"

"ಕುಣಿದಿದ್ದೇನೋ ಸರಿ. ಆದ್ರೆ ಅದು ತಾಯಿ ಹಾಲು, ಮೇಡಂ."

ಮೇಡಂ ನಗಲಿಲ್ಲ. ಲೆನ್ಸಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ಖಂಡಿತಾನಾ?"

"ನಾನು ಹೇಳಿದೆ ಅಂತ ನಂಬಬೇಡಿ. ಆ ಸವೆದ ಜಾಗ ನೋಡಿ, ನೀವೇ ಹೇಳಿ."

ಮೇಡಂ ಮತ್ತೊಮ್ಮೆ ನೋಡಿ, ನಕ್ಷೆಯಿಂದ ನಾಲ್ಕನೇ ಹಲ್ಲಿನ ಗೆರೆಯನ್ನು ಅಳಿಸಿದರು. ಆಮೇಲೆ ಸ್ವಲ್ಪ ಬಿರುಸಾಗಿಯೇ ಕೇಳಿದರು: "ಇದೊಂದು ಕಣ್ತಪ್ಪಿದೆ ಅಂದ್ರೆ, ಹಳೇ ಹಲ್ಲುಗಳ ಗತಿ ಏನಕ್ಕಾ?"

"ಎಲ್ಲಾ ನೋಡ್ತೀನಿ. ತಪ್ಪು ಎಲ್ಲಿ ಅಡಗುತ್ತೆ ಅಂತ ಈಗ ನನಗೆ ಗೊತ್ತು."

ಸಂಜೆ ಅಪ್ಪ ಬಾಗಿಲಲ್ಲೇ ಕೇಳಿದರು, "ಕೆಲಸ ಹೋಯ್ತೇನೇ?"

"ಎಲ್ಲಿ ಹೋಗುತ್ತೆ ಅಣ್ಣಾ, ಜಾಸ್ತಿ ಆಯ್ತು" ಎಂದು ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದರು.

ಬರುವ ಸೋಮವಾರ ಬೆಳಿಗ್ಗೆ ಅತ್ತೆ ಕಪಾಟಿನ ಮೊದಲ ಡ್ರಾಯರ್ ತೆರೆದು, ಇದುವರೆಗೆ ಕೊರೆದ ನಾನೂರ ಹನ್ನೊಂದು ಹಲ್ಲುಗಳ ಹಿಂಬದಿಯನ್ನು ಒಂದೊಂದಾಗಿ ಲೆನ್ಸಿನಡಿ ನೋಡಲು ಶುರುಮಾಡುತ್ತಾರೆ.