ಆನೆ ದಾಟಿತು ಎಂದು ಯಾರು ಹೇಳಿದ್ದು?

‘ಕಂಡಿದ್ದೋ, ಕೇಳಿದ್ದೋ?’

ಪಕ್ಕದ ಎಸ್ಟೇಟಿನ ರೈಟರ್ ಚಂದ್ರಪ್ಪ ಪ್ರತಿದಿನ ಬೆಳಿಗ್ಗೆ ಕೇಳುವ ಪ್ರಶ್ನೆ ಇದು. (ಹೊರಗಿನ ಓದುಗರಿಗೆ: ನಮ್ಮಲ್ಲಿ ರೈಟರ್ ಎಂದರೆ ಕತೆ ಬರೆಯುವವನಲ್ಲ, ಎಸ್ಟೇಟಿನಲ್ಲಿ ಕೆಲಸ ಹಂಚಿ ಹಾಜರಿ ಹಾಕುವವನು.) ಆನೆ ಎಲ್ಲಿದೆ ಎಂದು ಯಾರು ಸುದ್ದಿ ತಂದರೂ ಅವನು ಮೊದಲು ಇದನ್ನೇ ಕೇಳುತ್ತಾನೆ. ಕಂಡಿದ್ದಾದರೆ ಕಂಡವರ ಹೆಸರು ಬೇಕು. ಬರೀ ಕೇಳಿದ್ದಾದರೆ ಗೇಟು ತೆರೆಯುವುದಿಲ್ಲ. ಬೆಳಗೋಡಿನ ಸುತ್ತಮುತ್ತ ಕಾಫಿ ಕೊಯ್ಲಿನ ಕಾಲದಲ್ಲಿ ಇದು ಹಾಜರಿಗಿಂತ ಮುಂಚಿನ ಕೆಲಸ.

ಹೋದ ತಿಂಗಳು ಒಂದು ಬೆಳಿಗ್ಗೆ ಆ ಪ್ರಶ್ನೆಗೆ ಉತ್ತರ ಕೊಟ್ಟವನು ನಾನು. ಅವತ್ತು ನನ್ನ ತುಂಡು ತೋಟದಲ್ಲಿ ಕೊಯ್ಲಿತ್ತು. ನನಗೂ ಆಳು ಕಳಿಸುವವನು ಚಂದ್ರಪ್ಪನೇ.

‘ಕಂಡಿದ್ದೇ ಮಾರಾಯ. ಒಂಟಿ ಸಲಗ ಹೈವೇ ದಾಟಿ ಆಲೂರು ಕಡೆ ಹೋಗಿದೆಯಂತೆ. ಕಾವಲಿನ ಧರ್ಮ ವಾಟ್ಸಾಪ್ ಗ್ರೂಪಲ್ಲಿ ಹಾಕಿದಾನೆ.’

‘ಧರ್ಮ ಹಾಕವ್ನಾ? ನೀವೇ ನೋಡಿದ್ರಾ?’

‘ನಾನೇ ಓದಿದೆ.’

‘ಹಂಗಾದ್ರೆ ಸರಿ ಬುಡಿ.’

ಗೇಟು ತೆರೆಯಿತು. ಹೆಂಗಸರು ಕೊಯ್ಲಿನ ಚೀಲ ಸೊಂಟಕ್ಕೆ ಕಟ್ಟಿಕೊಂಡು ಒಳಗೆ ಹೋದರು. ಮುಂದಿದ್ದವರು ಸರೋಜಮ್ಮ.

ಕಾಫಿ ಗಿಡಗಳ ನಡುವೆ ಸುಮ್ಮನೆ ನಿಂತ ಆನೆ ಹತ್ತಿರ ಹೋದರೂ ಕಾಣುವುದಿಲ್ಲ. ಸರೋಜಮ್ಮ ಕೊಂಬೆ ಬಗ್ಗಿಸಲು ಕೈ ಚಾಚಿದಾಗ ಅದು ಕಿವಿ ಅಲ್ಲಾಡಿಸಿತಂತೆ. ಅವರು ಓಡಿದರು. ನೀರಿಂಗಲೆಂದು ಸಾಲುಗಳ ನಡುವೆ ತೋಡಿಸಿದ್ದ ತೊಟ್ಟಿಲು ಗುಂಡಿಗೆ ಬಿದ್ದರು. ಕಾಲು ಮುರಿಯಿತು. ಆನೆ ಓಡುವಾಗ ಅವರ ಸೊಂಟದಿಂದ ಕಳಚಿಬಿದ್ದಿದ್ದ ಚೀಲವನ್ನು ಎತ್ತಿ ಬಿಸಾಡಿ, ಗುಂಡಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು, ತಿರುಗಿ ಹೋಯಿತು.

ಇಷ್ಟು ಸಾಕು. ಇದನ್ನು ರೋಚಕವಾಗಿ ಬರೆಯುವ ಹಕ್ಕು ನನಗಿಲ್ಲ.

ಮಧ್ಯಾಹ್ನ ಧರ್ಮ ಬಂದ. ರಾತ್ರಿಯೆಲ್ಲ ಆನೆಯ ಹೆಜ್ಜೆ ಹಿಡಿದು ಹೋಗಿ, ಬೆಳಿಗ್ಗೆ ಫೋನಿನಲ್ಲಿ ಸುದ್ದಿ ಹಾಕುವ ಕಾವಲುಗಾರ ಅವನು.

‘ಸಾರ್, ದಾಟ್ತು ಅಂತ ನಾನ್ಯಾವಾಗಂದೆ?’

ನನಗೆ ಸಿಟ್ಟು ಬಂತು. ‘ನಾನೇ ಓದಿದೀನಿ ಕಣಯ್ಯ!’

‘ಎಲ್ಲೈತೆ, ತೋರ್ಸಿ ನೋಡಾನ.’

ಫೋನು ತೆಗೆದೆ. ಗ್ರೂಪಿನಲ್ಲಿ ಮೇಲೆ ಹೋದೆ, ಕೆಳಗೆ ಬಂದೆ. ಶುಭೋದಯದ ಹೂವುಗಳು, ಯಾರದೋ ಹುಟ್ಟುಹಬ್ಬದ ಕೇಕು. ನಡುವೆ ಧರ್ಮನ ಮೆಸೇಜು ಇತ್ತು: ‘ಮಂಜು ಐತೆ, ಏನೂ ಕಾಣ್ತಿಲ್ಲ. ರಾತ್ರಿ ಸಲಗ ಹೈವೇ ಕಡೆ ಮುಖ ಹಾಕಿತ್ತು.’ ಅದರ ಕೆಳಗೆ ಬಾಳ್ಳುಪೇಟೆಯ ಅಂಗಡಿಯವರೊಬ್ಬರದು: ‘ಇಲ್ಲಿ ರೋಡಲ್ಲಿ ಆನೆ ದಾಟ್ತು ಅಂತ ಲಾರಿಯವನು ಹೇಳಿದ.’ (ಅದು ಬೇರೆ ಆನೆ ಎಂದು ಆಮೇಲೆ ತಿಳಿಯಿತು.) ಅಷ್ಟೇ. ಧರ್ಮ ದಾಟಿತು ಅಂದಿರಲಿಲ್ಲ.

ಹಾಗಾದರೆ ನಾನು ಓದಿದ್ದೇನು?

ಎಸ್ಟೇಟಿನ ಮಾಲೀಕ ಶಶಿಧರ ಈ ಕೊಯ್ಲಿಗೆಂದು ಗ್ರೂಪಿಗೆ ಒಂದು ಎಐ ಜೋಡಿಸಿದ್ದಾನೆ. ಬಂದ ಮೆಸೇಜುಗಳನ್ನೆಲ್ಲ ಅದು ಒಟ್ಟು ಮಾಡಿ, ಬೆಳಿಗ್ಗೆ ಚಿಕ್ಕದೊಂದು ಸಾರಾಂಶ ಹಾಕುತ್ತದೆ. ಕಾಗುಣಿತ ತಪ್ಪಿಲ್ಲ, ಗೊಂದಲವಿಲ್ಲ. ಅವತ್ತು ಅದು ಬರೆದಿತ್ತು: ‘ಒಂಟಿ ಸಲಗ ಬಾಳ್ಳುಪೇಟೆ ಬಳಿ ಹೆದ್ದಾರಿ ದಾಟಿ ಆಲೂರು ಕಡೆ ಸಾಗಿದೆ. ಬೆಳಗೋಡು ಭಾಗದ ತೋಟಗಳಲ್ಲಿ ಇಂದು ಕೆಲಸ ಸುರಕ್ಷಿತ.’

ಇಬ್ಬರು ಪ್ರಾಮಾಣಿಕವಾಗಿ ಹೇಳಿದ ಎರಡು ಮಾತುಗಳನ್ನು ಹೊಲಿದು ಅದು ಒಂದು ಸುಳ್ಳು ಮಾಡಿತ್ತು. ಧರ್ಮ ಬರೆದಿದ್ದ ಮಂಜನ್ನು ಬಿಟ್ಟುಬಿಟ್ಟಿತ್ತು. ‘ಸುರಕ್ಷಿತ’ ಎಂದು ಗ್ರೂಪಿನಲ್ಲಿ ಒಬ್ಬ ಮನುಷ್ಯನೂ ಹೇಳಿರಲಿಲ್ಲ.

ಯಂತ್ರದ ತಪ್ಪು ಅರ್ಥವಾಯಿತು. ನನ್ನದು?

ಸಾರಾಂಶದಲ್ಲಿ ಧರ್ಮನ ಹೆಸರೇ ಇರಲಿಲ್ಲ. ಅದನ್ನು ಸೇರಿಸಿದವನು ನಾನು. ಸುಳ್ಳು ಹೇಳಬೇಕೆಂದಲ್ಲ. ನನಗೆ ನಿಜಕ್ಕೂ ನೆನಪಿದೆ. ಟೋಪಿ ಹಾಕಿದ ಅವನ ಪುಟ್ಟ ಫೋಟೋ, ಅದರ ಪಕ್ಕದಲ್ಲಿ ‘ದಾಟ್ತು’ ಎಂಬ ಮಾತು. ಇದನ್ನು ಬರೆಯುತ್ತಿರುವ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಅಂಥದ್ದು ಇರಲೇ ಇಲ್ಲ.

ಯೂನಿವರ್ಸಿಟಿಯಲ್ಲಿ ನಾನು ಓದಿದ್ದು ತತ್ವಶಾಸ್ತ್ರ. ಒಂದು ವಿಷಯ ನಮಗೆ ಗೊತ್ತಿದೆ ಎನ್ನಲು ಏನು ಆಧಾರ ಎಂದು ಕ್ಯಾಂಟೀನಿನಲ್ಲಿ ಮೇಜು ಕುಟ್ಟಿ ವಾದಿಸಿದವನು. ಈ ಅಂಕಣದಲ್ಲೂ ಪುರಾವೆ ಪುರಾವೆ ಎಂದು ನಿಮ್ಮ ತಲೆ ತಿಂದಿದ್ದೇನೆ. ಅಂಥವನು ವಾರಗಟ್ಟಲೆ ಗ್ರೂಪು ಓದುವುದನ್ನು ಬಿಟ್ಟು ಸಾರಾಂಶವೊಂದನ್ನೇ ಓದುತ್ತಿದ್ದೆ. ಯಾರ ಹೆಸರೂ ಇಲ್ಲದ ವಾಕ್ಯ ಸಿಕ್ಕಾಗ ನನ್ನ ತಲೆ ತಾನು ನಂಬುವ ಒಬ್ಬನ ಹೆಸರನ್ನು ಅದಕ್ಕೆ ಅಂಟಿಸಿತು. ಚಂದ್ರಪ್ಪನ ಪ್ರಶ್ನೆ ನನ್ನನ್ನು ತಡೆಯಬೇಕಿತ್ತು. ತಡೆಯಲಿಲ್ಲ. ಏಕೆಂದರೆ ನಾನು ಅನುಮಾನವಿಲ್ಲದೆ ಉತ್ತರ ಕೊಟ್ಟೆ. ಈಗ ಏನು ನೆನಪಾದರೂ ಇದು ನನ್ನದೋ, ಯಾರೋ ಬರೆದುಕೊಟ್ಟದ್ದೋ ಎಂದು ತಡಕಾಡುತ್ತೇನೆ.

ಎರಡು ದಿನ ಬಿಟ್ಟು ಕಾಫಿ ಒಣಗಿಸುವ ಕಣದಲ್ಲಿ ಎಲ್ಲರೂ ಸೇರಿದರು.

‘ಆ ದರಿದ್ರನ ಕಿತ್ತಾಕಿ ಸಾರ್’ ಅಂದ ಚಂದ್ರಪ್ಪ. ‘ಆನೆ ಅಟ್ಟಿಸ್ಕಂಡ್ ಬಂದ್ರೆ ಮುರ್ಕಳಾಕೆ ಅದ್ಕೇನ್ ಕಾಲೈತಾ?’

ಶಶಿಧರ ಸುಮ್ಮನಿರಲಿಲ್ಲ. ‘ಕಿತ್ತಾಕ್ತೀನಿ. ಇವ್ರಿಗ್ ಯಾರ್ ಹೇಳ್ತಾರೆ? ನೀನ್ ಅಸ್ಸಾಮಿ ಮಾತಾಡ್ತೀಯೇನೋ?’

ಅವನು ತೋರಿಸಿದ್ದು ಹಿಂದೆ ನಿಂತಿದ್ದ ಅಸ್ಸಾಮಿನ ಕೆಲಸಗಾರರನ್ನು. ಮಾತು ನಿಜ. ಧರ್ಮನ ಕನ್ನಡವನ್ನು ಅವರ ಭಾಷೆಗೆ ತಿರುಗಿಸಿ ಓದಿ ಹೇಳುವುದು ಇದೇ ಯಂತ್ರ. ಅದಕ್ಕೆ ಮುಂಚೆ ಅವರು ಎದುರಿಗಿದ್ದವರು ನಡೆದರೆ ನಡೆಯುತ್ತಿದ್ದರು, ಓಡಿದರೆ ಓಡುತ್ತಿದ್ದರು. ಅವರಲ್ಲೊಬ್ಬ ಅರೆಬರೆ ಕನ್ನಡದಲ್ಲಿ ಅಂದ: ‘ಫೋನ್ ಬೇಕು ಸಾರ್. ಫೋನ್ ಇಲ್ಲ, ನಮಗೆ ಆನೆ ಎಲ್ಲಿ, ಗೊತ್ತಿಲ್ಲ.’

ಚಂದ್ರಪ್ಪ ತಲೆ ಕೆರೆದುಕೊಂಡ. ‘ಅದೂ ಸರಿನೇ ಕಣ್ರೀ.’

ಹಾಗಾಗಿ ಯಂತ್ರ ಉಳಿಯಿತು, ಅದರ ಕೆಲಸ ಬದಲಾಯಿತು. ಅದು ಭಾಷೆ ತಿರುಗಿಸಬಹುದು, ಓದಿ ಹೇಳಬಹುದು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ಹೊಲಿಯುವ ಹಾಗಿಲ್ಲ. ಪ್ರತಿ ಮೆಸೇಜೂ ಕಳಿಸಿದವರ ಹೆಸರಿನ ಜೊತೆಗೇ ಹೋಗಬೇಕು. ತಿರುಗಿಸಿದ್ದು ಸರಿ ಇದೆಯೇ ಎಂದು ಎರಡೂ ಭಾಷೆ ಬಲ್ಲ ಒಬ್ಬ ಅಸ್ಸಾಮಿನವನೇ ಆಗಾಗ ಕೇಳಿ ನೋಡಬೇಕು. ಇನ್ನು ‘ಒಳಗೆ ಹೋಗಿ’ ಎಂಬ ಮಾತು ಅದರ ಬಾಯಲ್ಲಿ ಬರಲೇಬಾರದು. ಅದನ್ನು ಧರ್ಮನಿಗೆ ಫೋನು ಮಾಡಿ ಕೇಳಿದ ಮೇಲೆ ಚಂದ್ರಪ್ಪ ತನ್ನ ಹೆಸರಲ್ಲಿ, ತನ್ನ ದನಿಯಲ್ಲಿ ಹೇಳಬೇಕು.

‘ಮಂಜಾಗಿ ಯಾರ್ಗೂ ಕಾಣ್ದಿದ್ರೆ?’ ಧರ್ಮ ಕೇಳಿದ.

‘ಕಾಯೋದು’ ಅಂದ ಶಶಿಧರ.

‘ಕಾಯಾ ಹೊತ್ಗೆ ಕೂಲಿ?’ ಇದು ಚಂದ್ರಪ್ಪ.

ಶಶಿಧರ ಕಣದ ತುಂಬ ಹರಡಿದ್ದ ಕಾಫಿಯನ್ನು ನೋಡಿದ. ಕಾಲಲ್ಲಿ ಸ್ವಲ್ಪ ಕೆದಕಿದ. ಕೊನೆಗೆ, ‘ಕೊಡಾನ’ ಅಂದ.

ನನ್ನ ಪ್ರಕಾರ ಅವತ್ತಿನ ನಿಯಮಗಳಲ್ಲಿ ಗಟ್ಟಿಯಾದದ್ದು ಅದೊಂದೇ. ಆ ಸಾರಾಂಶ ನಮಗೆ ಅಷ್ಟು ಹಿಡಿಸಿದ್ದೇಕೆ? ಭಾಷೆ ಚೆನ್ನಾಗಿತ್ತು ಎಂದೇ? ಅಲ್ಲ. ಅದು ಬಂದ ಮೇಲೆ ಗೇಟು ಹೊತ್ತಿಗೆ ಸರಿಯಾಗಿ ತೆರೆಯುತ್ತಿತ್ತು. ಅನುಮಾನ ಪಡಲು ಹೊತ್ತು ಬೇಕು. ಆ ಹೊತ್ತಿನ ಕೂಲಿ ಕೊಡಲು ಯಾರೂ ಸಿದ್ಧರಿಲ್ಲದಿದ್ದರೆ ಎಷ್ಟು ನಿಯಮ ಬರೆದರೇನು?

ದೊಡ್ಡ ಊರುಗಳಲ್ಲಿ ಎಐ ಬಗ್ಗೆ ಸಮಿತಿಗಳಿವೆ, ನೀತಿಗಳಿವೆ. ನಾನು ಗೇಲಿ ಮಾಡುತ್ತಿಲ್ಲ, ಅವು ಬೇಕು. ಆದರೆ ಅಂಥ ಸಭೆಯ ಸುದ್ದಿ ಓದಿದಾಗಲೆಲ್ಲ ಈಗ ಒಂದು ಅನುಮಾನ. ಯಂತ್ರ ತಪ್ಪಿದರೆ ಯಾರ ಕಾಲು ಮುರಿಯುತ್ತದೋ ಅವರು ಆ ಕೋಣೆಯಲ್ಲಿ ಇದ್ದಾರೆಯೇ? ನಮ್ಮ ಕಣದ ಸಭೆಯಲ್ಲೂ ಇರಲಿಲ್ಲ. ಸರೋಜಮ್ಮ ಆಸ್ಪತ್ರೆಯಲ್ಲಿದ್ದರು.

ಅಲ್ಲಿಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಅವರು ಲೈನಿಗೆ, ಅಂದರೆ ಕೆಲಸಗಾರರ ಸಾಲುಮನೆಗೆ, ವಾಪಸು ಬಂದ ಮೇಲೆ ಹೋದೆ. ಪ್ಲಾಸ್ಟರ್ ಹಾಕಿದ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಕೂರಿ ಅಂದರು. ನಾನು ಎಲ್ಲ ಹೇಳಿದೆ. ಎಐ, ಸಾರಾಂಶ, ಧರ್ಮ ಹೇಳದೇ ಇದ್ದದ್ದು, ನನಗೆ ನೆನಪಾದದ್ದು. ಬಹಳ ಹೊತ್ತು ಹೇಳಿದೆ ಅನಿಸುತ್ತದೆ.

ಅವರು ಕೈಕೆಲಸ ನಿಲ್ಲಿಸದೆ ಕೇಳಿಸಿಕೊಂಡರು.

‘ಅವೆಲ್ಲ ನಂಗೇನ್ ಗೊತ್ತಾಯ್ತದೆ ಸಾರ್. ಅವತ್ತು ಗೇಟತ್ರ ನಾನು ಚಂದ್ರಪ್ಪನ ಮುಖ ನೋಡ್ದೆ. ಚಂದ್ರಪ್ಪ ನಿಮ್ ಮುಖ ನೋಡ್ದ.’

ಆಮೇಲೆ ಕೈ ನಿಲ್ಲಿಸಿ ಕೇಳಿದರು:

‘ನೀವ್ ಯಾರ್ ಮುಖ ನೋಡಿದ್ರಿ?’