ಸಭೆಯ ಸುತ್ತ ಒಂದು ತಂತಿ

ಮಾಯಮ್ಮನವರಿಗೆ ಇಪ್ಪತ್ತೊಂಬತ್ತು ವರ್ಷವಾಗಿದ್ದಾಗ ಕ್ಷಯ ಬಂತು. ಎರಡು ತಿಂಗಳು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೆಚ್.ಡಿ. ಕೋಟೆಗೆ ಹೋಗಿ ಸೂಜಿ ಹಾಕಿಸಿಕೊಂಡು ಬಂದರು. ಕಾಯಿಲೆ ವಾಸಿಯಾಯಿತು, ಕಿವಿ ಮಂದವಾಯಿತು. ಆ ಔಷಧಿ ಕೆಲವರಿಗೆ ಹಾಗೆ ಮಾಡುತ್ತದೆ ಎಂದು ಅವರಿಗೆ ತಿಳಿದದ್ದು ಇಪ್ಪತ್ತೈದು ವರ್ಷ ಕಳೆದ ಮೇಲೆ. ಅಲ್ಲಿಯವರೆಗೂ ಕ್ಷಯವೇ ಕಿವಿಯನ್ನು ತಿಂದಿತು ಅಂದುಕೊಂಡಿದ್ದರು.

ಅವರ ಊರು ಮಾಳದಕೊಪ್ಪಲು. ಅಂತರಸಂತೆಯಿಂದ ಒಳಕ್ಕೆ ಹೋದರೆ ಕಾಡಿನ ಅಂಚಿಗೇ ಇರುವ ಊರು. ಮನೆಗೆ ಒಂದೂವರೆ ಎಕರೆ ಹೊಲ, ಎರಡು ಹಸು. ಗಂಡ ಹೆಚ್ಚು ಮಾತಿನವನಲ್ಲ, ಹಾಗಾಗಿ ಮನೆಯೊಳಗೆ ಕಿವಿಯ ತೊಂದರೆ ಕಾಡಲಿಲ್ಲ. ಹೊರಗೆ ಮಾಯಮ್ಮ ಒಂದು ದಾರಿ ಕಂಡುಕೊಂಡರು. ಮಾತಾಡುವವರ ಮುಖ ನೋಡುವುದು. ಅವರು ನಕ್ಕರೆ ನಗುವುದು, ಮುಖ ಸಪ್ಪಗೆ ಮಾಡಿದರೆ 'ಅಯ್ಯೋ' ಅನ್ನುವುದು, ಏನೂ ತಿಳಿಯದಿದ್ದರೆ ತಲೆ ಆಡಿಸುವುದು. ಇನ್ನೊಂದು ಸಲ ಹೇಳಿ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಎದುರು ಮಾತಾಡದ ಹೆಂಗಸು ಎಂದು ಊರಲ್ಲಿ ಹೆಸರಾಯಿತು.

ಆ ಹೆಸರೇ ಅವರನ್ನು ಪಂಚಾಯಿತಿಗೆ ತಂದಿತು. ಅವರ ಕೇರಿಯ ವಾರ್ಡು ಹೆಂಗಸರಿಗೆ ಮೀಸಲಾದಾಗ, ಜಗಳವಾಡದವರು ಯಾರು ಎಂದು ಯೋಚಿಸಿದ ಊರ ಯಜಮಾನರಿಗೆ ಮಾಯಮ್ಮ ನೆನಪಾದರು. ಅವಿರೋಧವಾಗಿ ಆಯ್ಕೆಯಾದರು. ಏಳನೇ ತರಗತಿವರೆಗೆ ಓದಿದ್ದರಿಂದ ಸಹಿ ಚೆನ್ನಾಗಿ ಮಾಡುತ್ತಿದ್ದರು.

ಪಂಚಾಯಿತಿ ಸಭಾಂಗಣಕ್ಕೆ ಶೀಟಿನ ಸೂರು, ಗಡಗಡ ಅನ್ನುವ ಮೂರು ಫ್ಯಾನು. ಹದಿಮೂರು ಜನ ಸದಸ್ಯರು ಕೂತರೆ ಅರ್ಧ ಜನ ಒಟ್ಟಿಗೇ ಮಾತಾಡುತ್ತಿದ್ದರು. ಮಾಯಮ್ಮ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲರ ಕೈ ನೋಡುತ್ತಿದ್ದರು. ಕೈಗಳು ಎದ್ದಾಗ ತಾವೂ ಎತ್ತುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು.

ಒಂದು ಸಭೆಯಲ್ಲಿ ಅಧ್ಯಕ್ಷ ವಿರೂಪಾಕ್ಷ ಒಂದು ವಿಷಯ ಮಂಡಿಸಿದರು. ಮಾಯಮ್ಮನವರ ಕೇರಿಯಿಂದ ಡೈರಿಗೆ ಹೋಗುವ ರಸ್ತೆಯಲ್ಲಿ ಹಾಕಬೇಕಾಗಿದ್ದ ಏಳು ಸೋಲಾರ್ ದೀಪಗಳನ್ನು ಬಸ್ ನಿಲ್ದಾಣದ ರಸ್ತೆಗೆ ಹಾಕುವುದು. ಕೈಗಳು ಎದ್ದವು. ಮಾಯಮ್ಮನವರ ಕೈಯೂ ಎದ್ದಿತು.

ಮೂರು ತಿಂಗಳಾದ ಮೇಲೆ, ಮಂಟಯ್ಯ ಎಂಬ ರೈತ ಮುಂಜಾನೆಯ ಮಬ್ಬಿನಲ್ಲಿ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದ. ರಸ್ತೆಗೆ ಅಡ್ಡ ನಿಂತ ಆನೆ ಹತ್ತು ಮಾರು ಹತ್ತಿರ ಹೋಗುವವರೆಗೂ ಕಾಣಲಿಲ್ಲ. ಕ್ಯಾನು ಬಿಸಾಡಿ ಓಡಿ ಚರಂಡಿಗೆ ಬಿದ್ದ. ಆನೆ ತನ್ನ ಪಾಡಿಗೆ ತಾನು ಕಾಡಿಗೆ ಹೋಯಿತು. ಮಂಟಯ್ಯನ ಬಲಗಾಲು ಎರಡು ಕಡೆ ಮುರಿದಿತ್ತು.

ಅವನು ಆಸ್ಪತ್ರೆಯಿಂದ ಬಂದ ಮೇಲೆ ಮಾಯಮ್ಮ ನೋಡಲು ಹೋದರು. ಮಂಟಯ್ಯ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿಕೊಂಡೇ ಏನೋ ಹೇಳಿದ. ಮಾಯಮ್ಮ ರೂಢಿಯಂತೆ ತಲೆ ಆಡಿಸಿದರು. ಮಂಟಯ್ಯನ ಹೆಂಡತಿ ಬೆಚ್ಚಿ ಅವರನ್ನೇ ನೋಡಿದಳು. ಏನೋ ತಪ್ಪಿದೆ ಎಂದು ಮಾಯಮ್ಮನವರಿಗೆ ತಿಳಿಯಿತು. ಮಂಚದ ಆ ಬದಿಗೆ ಹೋಗಿ ಅವನ ಮುಖದ ಎದುರು ಕೂತರು.

"ಏನಂದೆ ಮಂಟಯ್ಯ? ನಂಗೆ ಕೇಳುಸ್ನಿಲ್ಲ. ಇನ್ನೊಂದ್ ಸಲ ಯೋಳು."

ಮಂಟಯ್ಯ ದನಿ ಎತ್ತಿ ಹೇಳಿದ. "ದೀಪ ಬ್ಯಾಡ ಅಂತ ನೀನೇ ಕೈ ಎತ್ತಿದ್ಯಂತಲ್ಲಕ್ಕ, ನಿಜ್ವಾ ಅಂದೆ. ಅದ್ಕೂ ತಲೆ ಆಡುಸ್ತಿಯಲ್ಲ."

ಮಾಯಮ್ಮ ಅಲ್ಲಿಂದ ಎದ್ದು ನೆಟ್ಟಗೆ ಪಂಚಾಯಿತಿ ಕಚೇರಿಗೆ ನಡೆದರು.

ಅಭಿವೃದ್ಧಿ ಅಧಿಕಾರಿ ಸಂಘಮಿತ್ರ ಆ ಪಂಚಾಯಿತಿಗೆ ಬಂದು ಒಂದು ತಿಂಗಳಷ್ಟೇ ಆಗಿತ್ತು. ಹುಣಸೂರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಮೂವತ್ತೈದರ ಹೆಂಗಸು. ಮಾಯಮ್ಮ ಹಳೇ ನಡಾವಳಿ ಪುಸ್ತಕ ಕೇಳಿ ತೆಗೆಸಿಕೊಂಡು, ದೀಪದ ನಿರ್ಣಯವಾದ ದಿನದ ಹಾಳೆಯನ್ನು ಬೆರಳಿಟ್ಟು ಓದಿದರು. ಕೆಳಗೆ ಅವರ ಸಹಿ ಇತ್ತು.

"ನಿಮಗೆ ಸಭೆಯಲ್ಲಿ ಕೇಳಿಸ್ತಾ ಇರಲಿಲ್ವಾ?" ಹಿಂದಿನಿಂದ ಕರೆದರೂ ಮಾಯಮ್ಮ ತಿರುಗದ್ದನ್ನು ಕಂಡು ಸಂಘಮಿತ್ರ ಎದುರಿಗೆ ಬಂದು ನಿಂತು ಕೇಳಿದರು.

"ಇಲ್ಲ ಮೇಡಂ."

"ಯಾವತ್ತಿಂದ?"

"ಮೊದ್ಲಿಂದಾನೂವೆ."

ಎರಡು ವರ್ಷದ ಎಲ್ಲ ನಿರ್ಣಯಗಳನ್ನೂ ಮಾಯಮ್ಮ ಅಂದು ಸಂಜೆಯವರೆಗೆ ಕೂತು ಓದಿದರು. ತಾವು ಒಪ್ಪಿದ್ದು ಏನೇನು ಎಂದು ಅವರಿಗೆ ಆವತ್ತೇ ಮೊದಲು ಗೊತ್ತಾದದ್ದು.

ಮುಂದಿನ ತಿಂಗಳು ಹೆಚ್.ಡಿ. ಕೋಟೆಯಲ್ಲಿ ಶ್ರವಣ ತಪಾಸಣಾ ಶಿಬಿರ ನಡೆಯಿತು. ಸಂಘಮಿತ್ರ ಅವರೇ ಮಾಯಮ್ಮನವರ ಹೆಸರು ಬರೆಸಿದ್ದರು. ಪರೀಕ್ಷೆ ಮಾಡಿದ ಚೈತ್ರ ಎಂಬ ಹುಡುಗಿ, ಸೂಜಿಯ ವಿಷಯವನ್ನು ಬಿಡಿಸಿ ಹೇಳಿ, ಕಿವಿಯ ಹಿಂದೆ ಕೂರುವ ಯಂತ್ರ ಹಾಕಿ ಕಳಿಸಿದಳು. ಮನೆಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಗಂಡ ಊಟ ಮಾಡುವಾಗ ಗೊಣಗುವುದು ಕೇಳಿಸಿತು. ಆದರೆ ಸಭಾಂಗಣದಲ್ಲಿ ಫ್ಯಾನಿನ ಗಡಗಡ, ಕುರ್ಚಿ ಎಳೆದದ್ದು, ಶೀಟಿಗೆ ಬಡಿದು ಬರುವ ಪ್ರತಿಧ್ವನಿ ಎಲ್ಲವೂ ದೊಡ್ಡದಾಗಿ ಒಳಗೆ ನುಗ್ಗಿದವು. ಮಾತು ಮಾತ್ರ ಸಿಗಲಿಲ್ಲ. ಅರ್ಧ ಗಂಟೆಗೆ ತಲೆನೋವು ಬಂದು ತೆಗೆದು ಸೆರಗಿಗೆ ಕಟ್ಟಿಕೊಂಡರು.

ವಾಪಸ್ಸು ಕೊಡೋಣವೆಂದು ಚೈತ್ರಳ ಬಳಿಗೆ ಹೋದಾಗ ಅವಳು ಕೇಳಿದಳು, "ಅಮ್ಮಾ, ಅಲ್ಲಿ ಮೈಕ್ ಇದೆಯಾ?"

"ಅದೆ. ಯಾರೂ ಇಡ್ಕಳಕ್ಕಿಲ್ಲ."

ಚೈತ್ರ ಒಂದು ಕಾಗದದ ಮೇಲೆ ಚೌಕ ಬರೆದು ತೋರಿಸಿದಳು. ಸಭಾಂಗಣದ ಸುತ್ತ ನೆಲದಂಚಿಗೆ ಒಂದು ತಂತಿ ಎಳೆದು ಅದಕ್ಕೇ ಮಾಡಿದ ಒಂದು ಆಂಪ್ಲಿಫೈಯರಿಗೆ ಜೋಡಿಸಿದರೆ, ಮೈಕಿನಲ್ಲಿ ಆಡಿದ ಮಾತು ಸೀದಾ ಕಿವಿಯ ಯಂತ್ರದೊಳಗೇ ಬರುತ್ತದೆ. ಯಂತ್ರದ ಗುಂಡಿಯನ್ನು 'ಟಿ' ಎಂಬ ಗುರುತಿಗೆ ತಿರುಗಿಸಿದರೆ ಸಾಕು. ಫ್ಯಾನು, ಕುರ್ಚಿ ಯಾವುದೂ ಬರುವುದಿಲ್ಲ.

ಮಾಯಮ್ಮ ಆ ಕಾಗದವನ್ನು ಮಡಿಸಿಕೊಂಡು ಬಂದು ಸಂಘಮಿತ್ರ ಅವರ ಮೇಜಿನ ಮೇಲಿಟ್ಟರು. ವಿಕಲಚೇತನರಿಗೆಂದು ತೆಗೆದಿಡುವ ಹಣ ಆ ವರ್ಷ ಖರ್ಚಾಗಿರಲಿಲ್ಲ. ವಿರೂಪಾಕ್ಷ "ಒಬ್ಬರಿಗೋಸ್ಕರನಾ?" ಅಂದರು. ಪಿಂಚಣಿ ಪಟ್ಟಿ ತೆಗೆಸಿ ನೋಡಿದರೆ ಪಂಚಾಯಿತಿಯಲ್ಲಿ ಕಿವಿ ಮಂದವಿರುವವರೇ ಹತ್ತೊಂಬತ್ತು ಜನ ಇದ್ದರು. ವಿರೂಪಾಕ್ಷ ಮತ್ತೆ ತಕರಾರು ತೆಗೆಯಲಿಲ್ಲ.

ತಂತಿ ಎಳೆಯಲು ಬಂದವರು ಹುಣಸೂರಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ಪ್ರಭುಸ್ವಾಮಿ. ಮದುವೆ, ಚುನಾವಣೆ, ಗಣಪತಿ ಅಂತ ಮೂವತ್ತು ವರ್ಷ ಮೈಕ್ ಕಟ್ಟಿದವರು, ಇಂಥದ್ದನ್ನು ಕಂಡಿರಲಿಲ್ಲ. ಚೈತ್ರಳಿಗೆ ನಾಲ್ಕು ಸಲ ಫೋನು ಮಾಡಿ ಕೇಳಿಕೊಂಡು ಒಂದು ದಿನದಲ್ಲಿ ಕೆಲಸ ಮುಗಿಸಿದರು. ಮಾಯಮ್ಮ ಗುಂಡಿ ತಿರುಗಿಸಿದರೆ ಕಿವಿಯೊಳಗೆ ಜೇನುಗೂಡು ಕದಡಿದ ಹಾಗೆ ಗುಂಯ್ ಎಂಬ ಸದ್ದು. ಸದ್ದು ಎಲ್ಲಿಂದ ಎಂದು ಪ್ರಭುಸ್ವಾಮಿಗೆ ತಿಳಿಯಲಿಲ್ಲ, ಅವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ.

"ಅಕ್ಕಾ, ನೀವೇ ಸುತ್ತಾಡಿ ನೋಡಿ. ಎಲ್ಲಿ ಜಾಸ್ತಿ ಆಯ್ತದೆ ಅಂತ ಯೋಳಿ."

ಮಾಯಮ್ಮ ಗೋಡೆಗುಂಟ ನಡೆದರು. ಸ್ವಿಚ್ ಬೋರ್ಡಿನ ಹತ್ತಿರ ನಿಂತು, "ಇಲ್ಲೇ ಕಣಪ್ಪ" ಅಂದರು. ಕರೆಂಟಿನ ವೈರಿನ ಪಕ್ಕದಲ್ಲೇ ತಂತಿ ಹೋಗಿತ್ತು. ಮಾರನೆಯ ದಿನ ಅದನ್ನು ಬಿಚ್ಚಿ ಬೇರೆ ದಾರಿಯಲ್ಲಿ ಎಳೆದರು. ಗುಂಯ್ ಎನ್ನುವುದು ನಿಂತಿತು. ಪ್ರಭುಸ್ವಾಮಿ ಮೈಕ್ ಹಿಡಿದು, "ಅಕ್ಕಾ, ಊಟ ಆಯ್ತಾ?" ಅಂದರು. ಇಪ್ಪತ್ತು ಅಡಿ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಮಾಯಮ್ಮ, "ಆಯ್ತು, ಉಪ್ಸಾರು ಮುದ್ದೆ" ಅಂದರು. ಯಾರ ಮುಖವನ್ನೂ ನೋಡದೆ ಉತ್ತರ ಕೊಟ್ಟದ್ದು ಅವರಿಗೇ ಆಮೇಲೆ ಹೊಳೆದು, ಹೊರಗೆ ಹೋಗಿ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬಂದರು.

ತಂತಿಗಿಂತ ಮೈಕೇ ದೊಡ್ಡ ಕಷ್ಟವಾಯಿತು. ಸದಸ್ಯರಿಗೆ ಮೈಕ್ ಹಿಡಿಯುವ ಅಭ್ಯಾಸವಿಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರು ಕೂತಲ್ಲಿಂದಲೇ ಕೂಗುವುದು, ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ಮುಗಿಸಿಬಿಡುವುದು. ಮೊದಲ ಸಭೆಯಲ್ಲಿ ಮಾಯಮ್ಮ ಆರು ಸಲ ಎದ್ದು ನಿಂತು, "ಮೈಕಲ್ಲಿ ಯೋಳಿ" ಅಂದರು. ಏಳನೇ ಸಲ ವಿರೂಪಾಕ್ಷ ರೇಗಿದರು.

"ನಿಮ್ಮೊಬ್ರಿಗೋಸ್ಕರ ಸಭೆ ನಡೆಸಕ್ಕಾಯ್ತದಾ ಮಾಯಮ್ಮ?"

"ಬ್ಯಾಡ ಬುಡಿ. ಆದ್ರೆ ನಂಗೆ ಕೇಳದೆ ಇರೋದಕ್ಕೆ ಇನ್ಮೇಕೆ ನಾನು ಸಹಿ ಹಾಕಕ್ಕಿಲ್ಲ."

ಸಂಘಮಿತ್ರ ಮೈಕ್ ಎಳೆದುಕೊಂಡು, ಮೈಕಿನಲ್ಲಿ ಹೇಳಿದ್ದನ್ನು ಮಾತ್ರ ಇನ್ನು ನಡಾವಳಿಯಲ್ಲಿ ಬರೆಯುತ್ತೇನೆ ಎಂದರು. ಅದನ್ನೇ ಅಂದಿನ ಮೊದಲ ನಿರ್ಣಯವಾಗಿ ಬರೆದರು. ಅಲ್ಲಿಂದಾಚೆಗೆ ಸಭೆಗಳು ಉದ್ದವಾದವು. ಕೆಲವು ಸದಸ್ಯರು ಅದಕ್ಕೆ ಇವತ್ತಿಗೂ ಮಾಯಮ್ಮನವರನ್ನು ಬೈಯುತ್ತಾರೆ. ಅಲ್ಲೇ ನಡೆಯುವ ಗ್ರಾಮಸಭೆಗಳಲ್ಲಿ ಹಿಂದುಗಡೆ ಚಾಪೆಯ ಮೇಲೆ ಕೂರುವ ಹೆಂಗಸರಿಗೆ ಮುಂದಿನವರ ಮಾತು ಸ್ಪಷ್ಟವಾಗಿ ಕೇಳಿಸತೊಡಗಿತು. ಭದ್ರಮ್ಮ ಎಂಬ ಎಂಬತ್ತರ ಮುದುಕಿ ಪೆಟ್ಟಿಗೆಯಲ್ಲಿಟ್ಟಿದ್ದ ಯಂತ್ರಕ್ಕೆ ಹೊಸ ಸೆಲ್ ಹಾಕಿಸಿಕೊಂಡು ಬಂದು ಕೂತರು.

ದೀಪದ ವಿಷಯವನ್ನು ಮಾಯಮ್ಮ ಮೈಕಿನಲ್ಲೇ ಎತ್ತಿದರು. ಮೊದಲ ಸಲ ಸೋತರು. ಎರಡನೇ ಸಲ, ಏಳರಲ್ಲಿ ನಾಲ್ಕನ್ನು ಡೈರಿ ರಸ್ತೆಗೆ ತರಲು ಒಪ್ಪಿಗೆಯಾಯಿತು. ಮಿಕ್ಕ ಮೂರು ಬಸ್ ನಿಲ್ದಾಣದಲ್ಲೇ ಇವೆ. ಮಂಟಯ್ಯ ಕುಂಟುತ್ತಾ ಹಾಲು ಹಾಕಿ ಬರುತ್ತಾನೆ. ದಾರಿಯಲ್ಲಿ ಸಿಕ್ಕರೆ ಮಾಯಮ್ಮನವರನ್ನು ಮಾತಾಡಿಸುತ್ತಾನೆ, ದೀಪದ ವಿಷಯ ಎತ್ತುವುದಿಲ್ಲ. ತಪ್ಪಾಯಿತು ಎಂದು ಒಮ್ಮೆ ಮಾಯಮ್ಮ ಹೇಳಿದ್ದಕ್ಕೆ, "ಆಗೋಯ್ತಲ್ಲಕ್ಕ" ಅಂದಿದ್ದ. ಅದು ಕ್ಷಮಿಸಿದ್ದೋ ಅಲ್ಲವೋ ಎಂದು ಅವರಿಗೆ ಗೊತ್ತಿಲ್ಲ.

ಅವಧಿ ಮುಗಿಯಿತು. ಇನ್ನೊಮ್ಮೆ ನಿಲ್ಲುವ ಆಸೆ ತಮಗಿಲ್ಲ ಎಂದು ಮಾಯಮ್ಮ ಹೇಳುತ್ತಾರೆ.

ಆದರೆ ಪ್ರಭುಸ್ವಾಮಿ ಮಾಯಮ್ಮನವರನ್ನು ಬಿಡಲಿಲ್ಲ. ಮಾಳದಕೊಪ್ಪಲಿನ ತಂತಿಯ ಸುದ್ದಿ ತಿಳಿದು ಪಿರಿಯಾಪಟ್ಟಣದ ಒಂದು ಸಮುದಾಯ ಭವನದವರು, ಆಮೇಲೆ ಕೆ.ಆರ್. ನಗರದ ಒಂದು ಕಲ್ಯಾಣ ಮಂಟಪದವರು ಪ್ರಭುಸ್ವಾಮಿಯನ್ನು ಕರೆಸಿದ್ದರು. ಎಳೆದ ತಂತಿ ಕೆಲಸ ಮಾಡುತ್ತಿದೆಯೇ ಎಂದು ಹೇಳಲು ಯಂತ್ರ ಹಾಕಿಕೊಂಡ ಕಿವಿಯೊಂದು ಅವರಿಗೆ ಬೇಕಿತ್ತು. ಬಸ್ ಚಾರ್ಜು, ಊಟ, ದಿನದ ಕೂಲಿ ಮಾತಾಡಿಕೊಂಡು ಮಾಯಮ್ಮ ಹೋಗಿಬರತೊಡಗಿದರು. ಕೈಯಲ್ಲೊಂದು ಸೀಮೆಸುಣ್ಣ ಹಿಡಿದು ಖಾಲಿ ಸಭಾಂಗಣದಲ್ಲಿ ಸಾಲುಸಾಲಾಗಿ ನಡೆಯುತ್ತಾರೆ, ದನಿ ಇಳಿದ ಕಡೆ ನೆಲದ ಮೇಲೆ ಗೆರೆ ಎಳೆಯುತ್ತಾರೆ. ನೆಲದೊಳಗೆ ಕಬ್ಬಿಣದ ಕಂಬಿ ಇದ್ದರೆ ದನಿ ಸೊರಗುತ್ತದೆ ಎಂದು ಈಗ ಅವರಿಗೆ ಗೊತ್ತು.

ಕೆ.ಆರ್. ನಗರದಲ್ಲಿ ಮೂರನೇ ಸಾಲಿನ ಹತ್ತಿರ ಅವರು ನಿಂತುಬಿಟ್ಟರು. ಪ್ರಭುಸ್ವಾಮಿ ವೇದಿಕೆಯಿಂದ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು.

"ಇಲ್ಲಿ ದನಿ ಇಲ್ಲ ಕಣಪ್ಪ" ಎಂದು ಮಾಯಮ್ಮ ಕೂಗಿದರು. "ಕಂಬಿ ಐತೇನೋ ಕೆಳಗೆ, ನೋಡು."

ಪ್ರಭುಸ್ವಾಮಿ ಬೇಸರದಿಂದ ಮೈಕ್ ಕೆಳಗಿಟ್ಟು, ತಂತಿಯ ಸುರುಳಿ ತರಲು ಆಟೋ ಕಡೆ ಹೋದರು. ಮಾಯಮ್ಮ ಗೆರೆ ಎಳೆದು ಮುಂದಿನ ಸಾಲಿಗೆ ನಡೆದರು.